ಊರ ಕೆಲಸಗಳ ಬಾಳಿಕೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಮಂಗಲಪ್ರಸಂಗದಲ್ಲಿ ನಾಲ್ಕು ಮಾತು ಆಡಬೇಕೆಂದು ಅಪ್ಪಣೆಯಾದಾಗ ನಾನು ಹಿಂಜರಿದೆನು. ನಾನು ಶಾಸ್ತ್ರಜ್ಞನಲ್ಲ, ವಚನವಾಙ್ಮಯದ ಪಂಡಿತನೂ ಅಲ್ಲ. ಬಾವಿ, ಕೊಳವೆ, ರಸ್ತೆ, ಸೇತುವೆಗಳ ಲೆಕ್ಕದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ಇಂಜಿನಿಯರನು. ಆದರೆ ನಿಮಗೆ ತಿಳಿದದ್ದನ್ನೇ ಹೇಳಿರೆಂದು ಶ್ರೀಗಳವರು ಅಪ್ಪಣೆ ಕೊಡಿಸಿದ್ದರಿಂದ ಧೈರ್ಯ ತಾಳಿ ನಿಂತಿದ್ದೇನೆ. ನಮ್ಮ ಊರುಗಳಲ್ಲಿ ಆಗುವ ಸಾರ್ವಜನಿಕ ಕೆಲಸಗಳು ಎಷ್ಟು ಕಾಲ ಬಾಳುತ್ತವೆ, ಆ ಬಾಳಿಕೆಯನ್ನು ನಾವು ಹೇಗೆ ಅಳೆಯಬೇಕು ಎಂಬದೇ ಇಂದು ನಾನು ಕೈಕೊಂಡ ವಿಷಯವು.

ಮೊದಲು ನನ್ನದೇ ಒಂದು ತಪ್ಪನ್ನು ತಮ್ಮೆದುರಿಗೆ ಒಪ್ಪಿಕೊಳ್ಳುತ್ತೇನೆ. ತರುಣನಿದ್ದಾಗ ಎರೆಭೂಮಿಯ ಒಂದು ಊರಿಗೆ ನಾನು ನೀರಿನ ಮೇಲ್ತೊಟ್ಟಿಯನ್ನು ಕಟ್ಟಿಸಿದೆನು. ದೀಪಾವಳಿ ಮುಗಿದ ಮೇಲೆ ಕೊಳವೆ ಬಾವಿಯನ್ನು ಕೊರೆಯಿಸಿದೆವು. ನೀರು ಧಾರಾಳವಾಗಿ ಬಂದಿತು. ಸಿಮೆಂಟು, ಕಬ್ಬಿಣ, ಉಸುಕು ಎಲ್ಲವೂ ಲೆಕ್ಕದಂತೆ ಬಿದ್ದಿದ್ದವು. ಕೆಲಸ ಪೂರ್ಣವಾಯಿತೆಂದು ಅಳತೆಯ ಪುಸ್ತಕದಲ್ಲಿ ಸಂತೋಷದಿಂದಲೇ ಸಹಿ ಹಾಕಿದೆನು. ಉದ್ಘಾಟನೆಯ ದಿವಸ ಊರವರು ನನಗೆ ಹಾರ ಹಾಕಿದರು.

ಎಂಟು ವರ್ಷಗಳ ತರುವಾಯ ಬೇರೊಂದು ಕೆಲಸದ ನಿಮಿತ್ತ ವೈಶಾಖದ ಬಿಸಿಲಿನಲ್ಲಿ ಅದೇ ಊರಿಗೆ ಹೋಗಬೇಕಾಯಿತು. ತೊಟ್ಟಿಯು ನೆಟ್ಟಗೆ ನಿಂತಿತ್ತು, ಎಲ್ಲಿಯೂ ಬಿರುಕಿರಲಿಲ್ಲ. ಅದರ ಕಂಬಗಳಿಗೆ ಹಗ್ಗ ಕಟ್ಟಿ ಅರಿವೆ ಒಣಹಾಕಿದ್ದರು. ಕೆಳಗೆ ಕೊಡಗಳ ಸಾಲಿನ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮುದುಕಿ ನನ್ನ ಗುರುತು ಹಿಡಿದಳು. “ಯಪ್ಪಾ, ನೀ ಕಟ್ಟಿದ್ದು ಛಲೋ ಅದ. ಅದರ ನೆಳ್ಳಾಗ ಕುಂತು ಟ್ಯಾಂಕರಿನ ದಾರಿ ನೋಡ್ತೀವಿ” ಎಂದಳು. ಆ ತಾಯಿ ನನ್ನನ್ನು ಹಳಿಯಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ. ಆದರೆ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದದ್ದೇನೆಂದು ವಿಚಾರಿಸಿದೆನು. ಕೊಳವೆ ಬಾವಿಯ ನೀರನ್ನು ನಾವು ಮಳೆಗಾಲ ಮುಗಿದ ಕೂಡಲೆ ಅಳೆದಿದ್ದೆವು. ಬೇಸಗೆಯಲ್ಲಿ ಅದು ಕಾಲುಭಾಗಕ್ಕೆ ಇಳಿಯುತ್ತಿತ್ತು. ನಾಲ್ಕನೆಯ ವರ್ಷ ಮೋಟಾರು ಸುಟ್ಟಾಗ ಅದನ್ನು ಮತ್ತೆ ಸುತ್ತಿಸಲು ಯಾರ ಕೈಯಲ್ಲಿಯೂ ಹಣವಿರಲಿಲ್ಲ. ನೀರು ಬಿಡುವವನಿಗೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಅವನು ಶಹಾಬಾದ ಕಲ್ಲಿನ ಗಣಿಗೆ ಕೂಲಿಗೆ ಹೋಗಿದ್ದನು. ನಾನು ಸಹಿ ಹಾಕಿದ್ದು ತೊಟ್ಟಿಗೆ. ಊರಿಗೆ ಬೇಕಾಗಿದ್ದದ್ದು ನೀರು.

ಬಂಧುಗಳೇ, ನಮ್ಮ ಭಾಗಕ್ಕೆ ಕೆಲಸಗಳೇ ಬರಲಿಲ್ಲವೆಂಬ ಕಾಲವೊಂದಿತ್ತು. ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ ೩೯ ತಾಲ್ಲೂಕುಗಳಲ್ಲಿ ೨೧ ನಮ್ಮ ಕಲಬುರಗಿ ವಿಭಾಗದವಾಗಿದ್ದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಯಾದಿಯಲ್ಲಿ ಸೇರಿದ್ದವು. ವಾಡಿ ಶಹಾಬಾದಗಳು ಆಗ ಚಿತ್ತಾಪುರ ತಾಲ್ಲೂಕಿನೊಳಗೇ ಇದ್ದವು. ೨೦೧೩ರಲ್ಲಿ ಸಂವಿಧಾನದ ೩೭೧ (ಜೆ) ಕಲಮು ಜಾರಿಗೆ ಬಂದು, ಈ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿಯೂ ಹಣವೂ ಒದಗಿದವು. ಕೆಲಸ ಬೇಕೆಂದು ಕೇಳುವದನ್ನು ನಾವು ಕಲಿತೆವು. ಬಂದ ಕೆಲಸವನ್ನು ಉಳಿಸಿಕೊಳ್ಳುವದನ್ನು ಕಲಿತೆವೋ ಎಂಬದೇ ಈಗಿನ ಪ್ರಶ್ನೆಯು.

ಶರಣರ ಪರಿಭಾಷೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತುಗಳುಂಟು. ಅವುಗಳ ತತ್ವಾರ್ಥವನ್ನು ಪೂಜ್ಯರು ಬಲ್ಲರು. ನಾನು ನನ್ನ ಕಸುಬಿನ ಮಟ್ಟಿಗೆ ಮಾತ್ರ ಅವನ್ನು ಎರವು ಪಡೆಯುತ್ತೇನೆ. ತೊಟ್ಟಿ, ಕೊಳವೆ, ಡಾಂಬರು ಇವು ಸ್ಥಾವರ. ಅವನ್ನು ನೋಡಿಕೊಳ್ಳುವ ಮನುಷ್ಯ, ಅವನಿಗೆ ಸಲ್ಲುವ ಕೂಲಿ, ಅವನ ಮೇಲೆ ಊರಿನ ಕಣ್ಣು ಇವು ಚಲಿಸುವಂಥವು. ಎರಡನೆಯದು ನಿಂತ ದಿನವೇ ಮೊದಲನೆಯದು ಕೆಡಲು ತೊಡಗುತ್ತದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿಯು ನಿಜಾಮರ ಕಾಲದಲ್ಲಿ, ೧೮೭೪ರಲ್ಲಿ ಆದದ್ದು. ಚಿತ್ತಾಪುರ ಸೇಡಂಗಳ ಮೇಲಿಂದ ಹಾಯುವ ಆ ದಾರಿಗೆ ನೂರೈವತ್ತು ವರ್ಷ ತುಂಬಿದವು. ಅಂದಿನ ಹಳಿ ಇಂದು ಉಳಿದಿಲ್ಲ, ತೊಲೆಯೂ ಉಳಿದಿಲ್ಲ. ಆದರೆ ದಾರಿ ಉಳಿದಿದೆ. ಯಾತಕ್ಕೆಂದರೆ ಬಿಸಿಲಿರಲಿ ಮಳೆಯಿರಲಿ, ಹೆಗಲ ಮೇಲೆ ಉಪಕರಣ ಹೊತ್ತ ಕೀಮನ್ ತನ್ನ ಪಾಲಿನ ಮೈಲುಗಳನ್ನು ನಡೆದು, ಸಡಿಲಾದ ಕೀಲನ್ನು ಬಡಿದು ಬಿಗಿಮಾಡುತ್ತಾನೆ. ಅದಕ್ಕಾಗಿ ಅವನಿಗೆ ತಪ್ಪದೆ ಸಂಬಳ ಮುಟ್ಟುತ್ತದೆ. ಅದೇ ರೈಲುದಾರಿಯ ಪಕ್ಕದ ಹಳ್ಳಿಗಳಲ್ಲಿ ಹತ್ತು ವರ್ಷದ ನೀರಿನ ಕೊಳವೆ ಹಾಳಾಗಿ ಬಿದ್ದಿರುವದನ್ನು ಕಂಡಾಗ, ಕೊರತೆ ಕಬ್ಬಿಣದ್ದಲ್ಲ, ಕೀಮನ್ನನದು ಎಂದು ನನಗೆ ತೋರುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ವಾಡಿಯಿಂದ ಪಶ್ಚಿಮಕ್ಕೆ ಹೋಗುವ ರೈಲನ್ನೇರಿದರೆ ಕಲಬುರಗಿಯನ್ನು ದಾಟಿ ಸೊಲ್ಲಾಪುರ ಸಿಗುವದು. ಅದೇ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಅಲ್ಲಿ ಕೆರೆಯನ್ನು ತೋಡಿಸಿದ ಸಂಗತಿಯನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಮಪ್ರಭುಗಳು ಅಲ್ಲಿಗೆ ದಯಮಾಡಿಸಿ, ಅಷ್ಟು ದೊಡ್ಡ ಲೋಕೋಪಕಾರಿಯನ್ನೂ ಒಡ್ಡನೆಂದು ಕರೆದು ಪರೀಕ್ಷೆಗೆ ಒಳಪಡಿಸಿದರೆಂಬದು ಶೂನ್ಯಸಂಪಾದನೆಯ ಪ್ರಸಂಗ. ಅದರ ಒಳಗಿನ ಅರ್ಥ ಬೇರೆ. ಆದರೆ ಕಟ್ಟಿದವನು ಪ್ರಶ್ನೆಗೆ ಹೊರತಲ್ಲ ಎಂಬಷ್ಟನ್ನು ನನ್ನಂಥವನೂ ಅದರಿಂದ ಕಲಿಯಬಹುದು.

ಕನ್ನಡ ನಾಡಿನ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಮಾತು ಬರುತ್ತದೆ. ಕೆರೆಯನ್ನು ಕಟ್ಟಿಸಿದವರು ಅದರ ಏರಿ, ತೂಬು, ಹೂಳುಗಳ ದುರಸ್ತಿಗಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಅಂದರೆ ಕಟ್ಟುವ ದಿನವೇ ಕಾಪಾಡುವ ಖರ್ಚಿನ ದಾರಿಯನ್ನೂ ಗೊತ್ತುಮಾಡುತ್ತಿದ್ದರು. ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಭೂಮಿ ಹೆಚ್ಚಾಗಿ ನೀರು ಕಡಿಮೆಯಾಗುವದೂ ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವದೂ ಒಂದು ದೋಷ. ಜಗಳದ ಜಾಗದಲ್ಲಿ ಕಟ್ಟಿದ್ದು ಬಾಳದೆಂದು ಅವರು ಆಗಲೇ ಅರಿತಿದ್ದರು. ಇಂದಿನ ವಿದ್ವಾಂಸರು ಗ್ರಂಥಗಟ್ಟಲೆ ಬರೆಯುವ ಪರೀಕ್ಷೆಯನ್ನು ಅವರು ಒಂದು ಕಲ್ಲಿನ ಮೇಲೆ ಬರೆದಿಟ್ಟರು.

ಈ ರೋಗವು ನಮ್ಮದೊಬ್ಬರದೇ ಎಂದು ಭಾವಿಸಬೇಕಾಗಿಲ್ಲ. ಸೊಲ್ಲಾಪುರದ ಮತ್ತೊಂದು ಕಥೆಯನ್ನು ಕೇಳಿರಿ. ೧೯೭೦ರ ಸುಮಾರಿಗೆ ನಮ್ಮ ದೇಶದ ಹಳ್ಳಿಗಳಲ್ಲಿ ಹಾಕಿದ್ದ ಎರಕಹೊಯ್ದ ಕಬ್ಬಿಣದ ಕೈಪಂಪುಗಳಲ್ಲಿ ಬಹಳಷ್ಟು ಕೆಟ್ಟು ನಿಂತಿದ್ದವು. ಪರದೇಶದಲ್ಲಿ ಒಂದು ಕುಟುಂಬದ ಬಳಕೆಗೆಂದು ಮಾಡಿದ ಮಾದರಿಯನ್ನು ಇಲ್ಲಿ ನೂರಾರು ಜನ ಬೆಳಗಿನಿಂದ ಬೈಗಿನವರೆಗೆ ಜಗ್ಗುತ್ತಿದ್ದರು. ಸೊಲ್ಲಾಪುರದ ಮಿಶನ್ ಸಂಸ್ಥೆಯೊಂದರ ಕಾರ್ಯಶಾಲೆಯಲ್ಲಿ ಉಕ್ಕಿನ ಗಟ್ಟಿ ಪಂಪು ಸಿದ್ಧವಾಯಿತು. ಅದನ್ನೇ ತಿದ್ದಿ ಯುನಿಸೆಫ್ ಮತ್ತು ಸರಕಾರಗಳ ನೆರವಿನಿಂದ ‘ಇಂಡಿಯಾ ಮಾರ್ಕ್ ಎರಡು’ ಎಂಬ ಪಂಪು ಹೊರಬಂದಿತು. ನಮ್ಮ ಜನ ಬೋರಿಂಗು ಎನ್ನುವದು ಇದಕ್ಕೇ. ಅದು ಆಫ್ರಿಕ ಖಂಡದವರೆಗೂ ಹೋಯಿತು.

ಆದರೆ ಪಂಪು ಗಟ್ಟಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆಫ್ರಿಕದ ಇಪ್ಪತ್ತು ದೇಶಗಳ ಲೆಕ್ಕವನ್ನು ೨೦೦೯ರಲ್ಲಿ ಕೂಡಿಸಿದಾಗ, ಅಲ್ಲಿಯ ಬಗೆಬಗೆಯ ಕೈಪಂಪುಗಳಲ್ಲಿ ಸರಾಸರಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನಡೆಯುತ್ತಿರಲಿಲ್ಲ. ಬಿಡಿಭಾಗ ಸಿಗದೆ, ರಿಪೇರಿ ಬಲ್ಲವರಿಲ್ಲದೆ, ಹಣವಿಲ್ಲದೆ ಅವು ನಿಂತಿದ್ದವು. ಮಾರ್ಕ್ ಎರಡನ್ನು ಬಿಚ್ಚಲು ತಾಲ್ಲೂಕಿನಿಂದ ಗಾಡಿಯೂ ನಾಲ್ಕಾರು ಆಳುಗಳೂ ಬರಬೇಕಾಗಿತ್ತು. ಊರವರೇ ಮೇಲಿನಿಂದ ಬಿಚ್ಚಿ ಒಳಗಿನ ಬಿಲ್ಲೆ ಬದಲಿಸುವಂತೆ ಮುಂದೆ ಮಾರ್ಕ್ ಮೂರನ್ನು ಮಾಡಿದ್ದು ಇದೇ ಕಾರಣದಿಂದ. ಇನ್ನು ನೇಪಾಳದ ನೀರಾವರಿ ಕಾಲುವೆಗಳನ್ನು ಪರೀಕ್ಷಿಸಿದ ಎಲಿನಾರ್ ಆಸ್ಟ್ರೋಮ್ ಎಂಬ ವಿದುಷಿಯು ಸೋಜಿಗದ ಸಂಗತಿಯನ್ನು ಕಂಡಳು. ಸರಕಾರವು ಸಿಮೆಂಟಿನಿಂದ ಕಟ್ಟಿ ನಡೆಸುವ ಕಾಲುವೆಗಳಿಗಿಂತ ರೈತರೇ ಕಲ್ಲು ಮಣ್ಣು ಟೊಂಗೆಗಳಿಂದ ಕಟ್ಟಿ ನಡೆಸುವ ಎಷ್ಟೋ ಕಾಲುವೆಗಳು ಕೊನೆಯ ಹೊಲಕ್ಕೆ ಹೆಚ್ಚು ನೀರು ಮುಟ್ಟಿಸುತ್ತಿದ್ದವು. ಒಡ್ಡು ವರುಷವರುಷವೂ ಕೊಚ್ಚಿಹೋಗುವದರಿಂದ ಮೇಲಿನ ರೈತನಿಗೆ ಕೆಳಗಿನ ರೈತನ ಕೈಗಳು ಬೇಕಾಗುತ್ತಿದ್ದವು. ಆದಕಾರಣ ಅವನ ಪಾಲಿನ ನೀರನ್ನೂ ಬಿಡುತ್ತಿದ್ದರು. ಆಕೆಗೆ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ನಮ್ಮ ಸೀಮೆಗೆ ಬರೋಣ. ಊರ ಕೆಲಸವೊಂದರ ಬಾಳಿಕೆಯನ್ನು ಅಳೆಯಲು ಇಂಜಿನಿಯರನೇ ಬೇಕೆಂದಿಲ್ಲ. ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು.

ಮೊದಲನೆಯದು: ಮೂಲವೆಲ್ಲಿ? ಸೇಡಂ, ಚಿತ್ತಾಪುರ, ಶಹಾಬಾದಗಳ ಕೆಳಗೆ ಇರುವದು ಸುಣ್ಣಗಲ್ಲಿನ ಹಾಸು. ಅದರಲ್ಲಿ ನೀರು ಎಲ್ಲೆಡೆ ಸಮನಾಗಿ ನಿಲ್ಲುವದಿಲ್ಲ. ಸೀಳುಗಳಲ್ಲಿ, ಪೊಟರೆಗಳಲ್ಲಿ ನಿಲ್ಲುತ್ತದೆ. ಒಂದು ಬೋರಿಗೆ ತುಂಬಿ ಬಂದರೆ ನೂರು ಹೆಜ್ಜೆಯಾಚೆಯ ಬೋರು ಒಣಗಿರಬಹುದು. ನೀರು ಗಡಸಾದ್ದರಿಂದ ಕೊಳವೆಯೊಳಗೆ ಸುಣ್ಣದ ಪದರು ಕಟ್ಟುತ್ತದೆ. ಚಿಂಚೋಳಿಯ ಕಡೆಗೆ ಕರಿಕಲ್ಲು, ಕೆಂಪು ಜಂಬುಮಣ್ಣು. ಅಲ್ಲಿಯ ಲೆಕ್ಕವೇ ಬೇರೆ. ಒಬ್ಬನಿಗೆ ದಿನಕ್ಕೆ ೫೫ ಲೀಟರೆಂದು ಈಗಿನ ಯೋಜನೆಯು ಗೊತ್ತುಮಾಡಿದೆ. ಎರಡು ಸಾವಿರ ಜನರ ಊರಿಗೆ ಅದು ದಿನಕ್ಕೆ ಒಂದು ಲಕ್ಷ ಹತ್ತು ಸಾವಿರ ಲೀಟರಾಯಿತು. ಇಷ್ಟನ್ನು ನಮ್ಮ ಮೂಲವು ವೈಶಾಖದಲ್ಲಿ ಕೊಡುವದೋ ಎಂದು ಕೇಳಬೇಕು. ಕಾರ್ತಿಕದಲ್ಲಿ ಅಳೆದು ನಾನು ಮಾಡಿದ ತಪ್ಪನ್ನು ಮತ್ತೊಬ್ಬರು ಮಾಡಬಾರದು.

ಎರಡನೆಯದು: ನೆಲವು ಒಪ್ಪಿತೋ? ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಪಕ್ಕದ ಚರಂಡಿಯಿಲ್ಲದ ರಸ್ತೆ ಇಲ್ಲಿ ಎಷ್ಟು ದಪ್ಪವಿದ್ದರೂ ಒಡೆಯುತ್ತದೆ. ೨೦೨೦ರ ಅಕ್ಟೋಬರದಲ್ಲಿ ಕಾಗಿಣಾ ನದಿಯು ಉಕ್ಕಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೂ ನೀರು ನುಗ್ಗಿತು. ನದೀತೀರದ ಯಂತ್ರಮನೆಯನ್ನು ಎಷ್ಟು ಎತ್ತರದಲ್ಲಿ ಕಟ್ಟಬೇಕೆಂಬದಕ್ಕೆ ಆ ನೆರೆಯ ಗುರುತೇ ಅಳತೆಗೋಲು. ೨೦೨೧ರ ಅಕ್ಟೋಬರದಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮೇಲಿಂದ ಮೇಲೆ ನಡುಗಿ ಜನ ಮನೆಯ ಹೊರಗೆ ಮಲಗಿದರು. ಅಲ್ಲಿ ಕಟ್ಟುವ ತೊಟ್ಟಿಯ ಕಂಬಗಳು ಅದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಮೂರನೆಯದು: ಯಾರ ಕೈಯಲ್ಲಿ? ನೀರು ಬಿಡುವವನು ಯಾರು, ಅವನು ಇಲ್ಲದ ದಿನ ಯಾರು, ಕವಾಟದ ಕೀಲಿ ಎಲ್ಲಿದೆ, ಮೋಟಾರು ಸುಟ್ಟರೆ ಎಷ್ಟು ದಿನಗಳೊಳಗೆ ಸರಿಯಾಗುವದು? ಇವುಗಳಿಗೆ ಊರಿನಲ್ಲಿ ಉತ್ತರವಿಲ್ಲದಿದ್ದರೆ ಕೆಲಸವು ಹೊಸದಾದರೂ ಹಳೆಯದೇ.

ನಾಲ್ಕನೆಯದು: ಯಾರ ಹಣದಿಂದ? ನಾಲ್ಕು ನೂರು ಮನೆಗಳ ಊರೊಂದನ್ನು ಊಹಿಸಿರಿ. ಮನೆಗೆ ತಿಂಗಳಿಗೆ ಐವತ್ತು ರೂಪಾಯಿ ಕೂಡಿದರೆ ವರುಷಕ್ಕೆ ಎರಡು ಲಕ್ಷ ನಲವತ್ತು ಸಾವಿರವಾಯಿತು. ಅದರಲ್ಲಿ ನೀರು ಬಿಡುವವನ ಸಂಬಳ, ವಿದ್ಯುತ್ತು, ರಿಪೇರಿ ಎಷ್ಟಕ್ಕೆ ಸಾಲುತ್ತದೆ, ಉಳಿದದ್ದನ್ನು ಪಂಚಾಯತಿ ಎಲ್ಲಿಂದ ತರುತ್ತದೆ? ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ಪಂಚಾಯತಿಗಳ ಅನುದಾನದಲ್ಲಿ ನೂರಕ್ಕೆ ೬೦ ಭಾಗವನ್ನು ನೀರು ನೈರ್ಮಲ್ಯಗಳಿಗೇ ಮೀಸಲಿಟ್ಟಿತು. ಆ ಹಣ ನಮ್ಮೂರಿಗೆ ಎಷ್ಟು ಬಂದಿತು, ಯಾತಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳಿದವರೆಷ್ಟು ಜನ? ಬಡವರಿಂದ ಹಣ ಎತ್ತಬಾರದೆಂಬ ಆಕ್ಷೇಪಣೆಯನ್ನು ನಾನು ಬಲ್ಲೆನು. ಕೈಲಾಗದ ಮನೆಗೆ ಬಿಡುವು ಕೊಡಬೇಕಾದದ್ದೇ ಸರಿ. ಆದರೆ ನಳ ಬತ್ತಿದ ದಿನ ಕೂಲಿ ಬಿಟ್ಟು ಕೊಡ ಹೊತ್ತು ನಿಲ್ಲುವವಳು ಬಡವಳೇ. ಪುಕ್ಕಟೆ ನೀರಿನ ಬೆಲೆಯನ್ನು ಅವಳು ಬೇರೆ ನಾಣ್ಯದಲ್ಲಿ ತೆರುತ್ತಾಳೆ.

ಐದನೆಯದೂ ಎಲ್ಲಕ್ಕೂ ಮುಖ್ಯವಾದದ್ದೂ ಇದು: ಕೊನೆಯ ಮನೆಗೆ ಮುಟ್ಟಿತೋ? ಮೇಲ್ತೊಟ್ಟಿಯ ಹತ್ತಿರದ ಓಣಿಯಲ್ಲಿ ನೀರು ಯಾವಾಗಲೂ ಜೋರು. ಅಲ್ಲಿಯವರು ನಳಕ್ಕೆ ಸಣ್ಣ ಮೋಟಾರು ಹಚ್ಚಿ ಜಗ್ಗಿದರೆ ತುದಿಯ ಕೇರಿಗೆ ಗಾಳಿ ಮಾತ್ರ ಬರುತ್ತದೆ. ತುದಿಯ ಕೇರಿ ಹೆಚ್ಚಾಗಿ ಯಾರದೆಂಬದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಕ ದಾಸೋಹಗಳ ಹೆಸರು ಹೇಳುವ ನಾವು ಮನೆಯೊಳಗಿನ ಮೋಟಾರನ್ನು ಮೊದಲು ಕಳಚಬೇಕು. ತೊಟ್ಟಿಯ ಬುಡದಲ್ಲಿ ನಿಂತು ಕೆಲಸವನ್ನು ಅಳೆಯಬಾರದು. ವೈಶಾಖದ ಮಧ್ಯಾಹ್ನ, ಕೊನೆಯ ಕೇರಿಯ ಕೊನೆಯ ಮನೆಯ ನಳದ ಕೆಳಗೆ ಕೊಡವನ್ನಿಟ್ಟು, ಅದು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಬೇಕು. ಆ ಕೊಡವೇ ನಿಜವಾದ ಅಳತೆಯ ಪುಸ್ತಕ.

ಮನೆಮನೆಗೆ ನಳವೆಂಬ ಜಲಜೀವನ ಯೋಜನೆಯು ೨೦೧೯ರ ಆಗಸ್ಟ್ ೧೫ರಂದು ಪ್ರಕಟವಾಯಿತು. ನಮ್ಮ ರಾಜ್ಯದಲ್ಲಿ ಅದನ್ನು ‘ಮನೆ ಮನೆಗೆ ಗಂಗೆ’ ಎಂದರು. ೨೦೨೪ಕ್ಕೆ ಮುಗಿಯಬೇಕಾಗಿದ್ದ ಅದನ್ನು ೨೦೨೮ರವರೆಗೆ ಬೆಳೆಸುವದಾಗಿ ೨೦೨೫ರ ಕೇಂದ್ರ ಮುಂಗಡಪತ್ರದಲ್ಲಿ ಸಾರಿದರು. ಇನ್ನು ಮುಂದೆ ಕೆಲಸದ ಗುಣಕ್ಕೂ ನಿರ್ವಹಣೆಗೂ ಒತ್ತು ಕೊಡುತ್ತೇವೆಂದು ಆಗ ಹೇಳಿದ್ದು ಗಮನಿಸತಕ್ಕ ಮಾತು. ಊರಿನಲ್ಲಿ ನೀರಿನ ಸಮಿತಿಯಿರಬೇಕು, ಅದರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕು, ಐವರು ಸ್ತ್ರೀಯರು ನೀರಿನ ಪರೀಕ್ಷೆ ಕಲಿಯಬೇಕು ಎಂದು ಆ ಯೋಜನೆಯ ನಿಯಮಗಳಲ್ಲಿಯೇ ಬರೆದಿದೆ. ಸಮಿತಿಯು ಕಾಗದದ ಮೇಲಿದೆಯೋ ಕಟ್ಟೆಯ ಮೇಲಿದೆಯೋ ಎಂಬದನ್ನು ಮಾತ್ರ ನಾವೇ ನೋಡಬೇಕು. ಗ್ರಾಮ ಸಡಕ ಯೋಜನೆಯ ರಸ್ತೆಗಳ ಮಾತೂ ಇಷ್ಟೇ. ಐದು ವರುಷ ಗುತ್ತಿಗೆದಾರನೇ ನೋಡಿಕೊಳ್ಳಬೇಕೆಂಬ ಕರಾರು ಅದರಲ್ಲಿದೆ. ಆ ಐದು ವರುಷ ಯಾವ ದಿನ ಮುಗಿಯುತ್ತವೆಂದು ಊರವರಿಗೆ ತಿಳಿದಿರಬೇಕು.

ಕೊನೆಯದಾಗಿ ತಮ್ಮಲ್ಲಿ ಮೂರು ವಿನಂತಿಗಳು. ಒಂದು, ಪ್ರತಿಯೊಂದು ಊರಿನಲ್ಲಿಯೂ ಒಂದು ಹೊತ್ತಗೆಯನ್ನು ಇಡಿರಿ. ಯಾವ ಕೆಲಸ ಯಾವಾಗ ಆಯಿತು, ಯಾವ ದಿನ ಕೆಟ್ಟಿತು, ಎಷ್ಟು ದಿನಕ್ಕೆ ಸರಿಯಾಯಿತು, ಯುಗಾದಿಯ ತರುವಾಯ ಬೋರಿನ ನೀರು ಎಷ್ಟು ಆಳದಲ್ಲಿತ್ತು, ಇಷ್ಟನ್ನು ಬರೆದರೆ ಸಾಕು. ಎರಡು, ಊರಿನ ಇಬ್ಬರು ತರುಣರಿಗೂ ಇಬ್ಬರು ತರುಣಿಯರಿಗೂ ಮೋಟಾರಿನ ಮತ್ತು ಕೊಳವೆಯ ಕೆಲಸವನ್ನು ಕಲಿಸಿರಿ. ಅವರಿಗೆ ಕೂಲಿಯನ್ನು ತಪ್ಪದೆ ಮುಟ್ಟಿಸಿರಿ. ಮೂರು, ಹೊಸ ಕೆಲಸಕ್ಕೆ ಅರ್ಜಿ ಬರೆಯುವ ಮುನ್ನ ಹಳೆಯದು ಏಕೆ ನಿಂತಿತೆಂದು ಅದೇ ಅರ್ಜಿಯಲ್ಲಿ ಬರೆಯಿರಿ. ಇಂಥ ಅರ್ಜಿಯು ಬಂದರೆ ಅಧಿಕಾರಿಯೂ ವಿಚಾರಮಾಡಬೇಕಾಗುವದು.

ಆ ಊರಿಗೆ ಮುಂದೆ ನಾನು ಮತ್ತೊಮ್ಮೆ ಹೋದೆನು, ಕರೆಯದೆಯೇ ಹೋದೆನು. ಮಕ್ಕಳನ್ನು ಕೂಡಿಸಿಕೊಂಡು ಹೊಸ ಮೂಲವನ್ನು ಬೇಸಗೆಯಲ್ಲಿಯೇ ಅಳೆದೆವು. ನೀರು ಬಿಡುವವನನ್ನು ಗಣಿಯಿಂದ ಮರಳಿ ಕರೆತಂದರು. ಅವನ ಸಂಬಳಕ್ಕೆ ಮನೆಗಳು ವಂತಿಗೆ ಹಾಕಿಕೊಂಡವು. ತೊಟ್ಟಿಗೆ ಒಂದು ಇಟ್ಟಿಗೆಯನ್ನೂ ಸೇರಿಸಲಿಲ್ಲ. ನೀರು ಬಂದಿತು. ಆ ಮುದುಕಿ ಅದನ್ನು ನೋಡಲು ಇರಲಿಲ್ಲ. ಇದು ನನ್ನ ಬಾಳಿನಲ್ಲಿ ತೀರದ ಋಣವಾಗಿ ಉಳಿದಿದೆ. ಇಂದು ಈ ಮಾತುಗಳನ್ನಾಡಿ ಅದರಲ್ಲಿ ಕಿಂಚಿತ್ತನ್ನು ತೀರಿಸಲು ಯತ್ನಿಸಿದ್ದೇನೆ.

ಮುಂದಿನ ಜಾತ್ರೆಗೆ ತಾವು ಬರುವಾಗ ಕಾಯಿಕರ್ಪೂರದ ಜೊತೆಗೆ ತಮ್ಮ ಊರಿನ ಹೊತ್ತಗೆಯನ್ನೂ ತರಬೇಕೆಂದು ಬೇಡಿಕೊಂಡು ಮುಗಿಸುತ್ತೇನೆ.